ಆಯುಧಪೂಜೆಗೆ ಮುನ್ನ ಲಾರಿಗೆ ವ್ಯಾಕ್ಸ್: ಮನೆಯಂಗಳದಲ್ಲೇ ಮಾಡುವ ಬಗೆ

ಬೆಳಗಿನ ಜಾವ ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕಿಗೆ ಏರ್ ತುಂಬುವವರೆಗೆ ಸಿಗುವ ಐದು ನಿಮಿಷದಲ್ಲಿ ಸೀಟಿನ ಹಿಂದಿನಿಂದ ಬಟ್ಟೆಯೊಂದನ್ನು ಎಳೆದುಕೊಂಡು ಕ್ಯಾಬಿನ್ ಒರೆಸುವುದು ನಮ್ಮ ಡ್ರೈವರ್‌ಗಳ ರೂಢಿ. ಗಾಡಿ ಮೇಲಿನ ಅಕ್ಕರೆಯಿಂದಲೇ ಮಾಡುವ ಕೆಲಸ ಅದು. ಆದರೆ ನಾನು ನೋಡಿದಂತೆ ಲಾರಿಯ ಬಣ್ಣ ಮಂಕಾಗಲು ಅದೇ ದೊಡ್ಡ ಕಾರಣ. ರಸ್ತೆಯ ಧೂಳಿನಲ್ಲಿ ಸಣ್ಣ ಮರಳಿನ ಕಣಗಳಿರುತ್ತವೆ, ಅವು ಬಣ್ಣಕ್ಕಿಂತ ಎಷ್ಟೋ ಗಟ್ಟಿ. ಒಣಬಟ್ಟೆಗೆ ಸಿಕ್ಕ ಕಣ ಒರೆಸಿದಷ್ಟು ದೂರವೂ ಗೀರು ಎಳೆಯುತ್ತಾ ಹೋಗುತ್ತದೆ. ಒಂದೆರಡು ತಿಂಗಳಲ್ಲಿ ಏನೂ ಕಾಣುವುದಿಲ್ಲ. ಎರಡು ವರ್ಷ ಕಳೆದ ಮೇಲೆ ಸಂಜೆಯ ಓರೆ ಬಿಸಿಲಿನಲ್ಲಿ ಬಾಗಿಲನ್ನು ನೋಡಿ, ಜೇಡ ಬಲೆ ಹೆಣೆದಂತೆ ಸುತ್ತುಸುತ್ತಾಗಿ ಗೀರುಗಳು ಎದ್ದಿರುತ್ತವೆ.

ಹೊಳಪು ವ್ಯಾಕ್ಸ್ ಡಬ್ಬಿಯಿಂದ ಬರುತ್ತದೆ ಎಂದು ನಂಬಿದವರೇ ಹೆಚ್ಚು. ಹೊಳಪಿನ ಬಹುಪಾಲು ಬರುವುದು ಗೀರು ಬೀಳದಂತೆ ತೊಳೆಯುವುದರಿಂದ. ವ್ಯಾಕ್ಸ್ ಅದನ್ನು ಕಾಯುವ ಹೊದಿಕೆ, ಅಷ್ಟೆ. ಹಾಗಾಗಿ ಈ ಬರಹದಲ್ಲಿ ತೊಳೆಯುವುದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ನವರಾತ್ರಿ ಬರುವುದರಿಂದ ಹಬ್ಬದ ಹಿಂದಿನ ವಾರ ಈ ಕೆಲಸಕ್ಕೆ ಹೇಳಿಮಾಡಿಸಿದ ಕಾಲ. ಎರಡು ಬೆಳಗ್ಗೆ ಬಿಡುವು ಮಾಡಿಕೊಳ್ಳಿ. ಮೊದಲ ದಿನ ತೊಳೆದು ಕಲೆ ತೆಗೆಯುವುದು, ಎರಡನೆಯ ದಿನ ಪಾಲಿಶ್ ಮತ್ತು ವ್ಯಾಕ್ಸ್. ಪಿಕಪ್ ಅಥವಾ ಚಿಕ್ಕ ಗೂಡ್ಸ್ ಗಾಡಿಯಾದರೆ ಒಂದೇ ದಿನ ಸಾಕು.

ನಿಮ್ಮ ಗಾಡಿಯ ಮೇಲಿರುವುದು ಯಾವ ಬಣ್ಣ?

ಲಾರಿಯೊಂದರ ಮೇಲೆ ಎರಡು ಬಗೆಯ ಬಣ್ಣ ಇರುತ್ತದೆ. ಕ್ಯಾಬಿನ್ ಕಾರ್ಖಾನೆಯಿಂದಲೇ ಬಂದಿದ್ದರೆ ಅದರ ಬಣ್ಣ ಸ್ಪ್ರೇ ಮಾಡಿ, ಕಾವಿನಲ್ಲಿ ಒಣಗಿಸಿದ ಗಟ್ಟಿ ಬಣ್ಣ. ಹಿಂದಿನ ಬಾಡಿಯನ್ನು ಹೊರಗೆ ಕಟ್ಟಿಸಿದ್ದರೆ ಅಲ್ಲಿ ಮರ, ತಗಡಿನ ಮೇಲೆ ಬಳಿದ ಎನಾಮೆಲ್ ಪೇಂಟ್ ಇರುತ್ತದೆ. ಅದರ ಮೇಲೆ ಕಲಾವಿದರು ಕೈಯಲ್ಲಿ ಬರೆದ ಅಕ್ಷರ, ಹೂಬಳ್ಳಿ, ದೇವರ ಹೆಸರು. ಮುಂದೆ ಹೇಳುವ ಕ್ಲೇ (ಹೂತ ಕೊಳೆ ಎತ್ತುವ ಮಿದು ಮುದ್ದೆ), ಕಾಂಪೌಂಡ್ (ಬಣ್ಣದ ಮೇಲ್ಪದರ ಉಜ್ಜಿ ತೆಗೆಯುವ ಒರಟು ಪಾಲಿಶ್) ಎಲ್ಲವೂ ಕಾರ್ಖಾನೆಯ ಬಣ್ಣಕ್ಕೆ ಮಾತ್ರ. ಕೈಬರಹದ ಮೇಲೆ ಕಾಂಪೌಂಡ್ ಉಜ್ಜಿದರೆ ಅಕ್ಷರದ ಅಂಚು ಸವೆದು ಹೋಗುತ್ತದೆ, ಅದನ್ನು ಮತ್ತೆ ಅದೇ ಕೈ ಬರೆಯಬೇಕಾದೀತು. ಕಟ್ಟಿಸಿದ ಬಾಡಿಯನ್ನು ಮೆತ್ತಗೆ ತೊಳೆದು ಒಣಗಿಸಿ ಬಿಟ್ಟುಬಿಡಿ.

ಕ್ಯಾಬಿನ್ ಬಣ್ಣದಲ್ಲೂ ಇನ್ನೊಂದು ವ್ಯತ್ಯಾಸವಿದೆ. ಕೆಲವಕ್ಕೆ ಬಣ್ಣದ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ತಿಳಿಯುವುದು ಸುಲಭ. ಬಾಗಿಲಿನ ಕೆಳ ಅಂಚಿನಂಥ ಕಣ್ಣಿಗೆ ಬೀಳದ ಜಾಗವನ್ನು ಚೆನ್ನಾಗಿ ತೊಳೆದು, ಬಿಳಿ ಬಟ್ಟೆಗೆ ಒಂದು ತೊಟ್ಟು ಪಾಲಿಶ್ ಹಾಕಿ ನಾಲ್ಕಾರು ಸಲ ಉಜ್ಜಿ. ಬಟ್ಟೆಗೆ ಗಾಡಿಯ ಬಣ್ಣ ಹತ್ತಿದರೆ ಕ್ಲಿಯರ್ ಕೋಟ್ ಇಲ್ಲ ಎಂದರ್ಥ. ಗಾಡಿ ಬಿಳಿಯದಾದರೆ ಈ ಪರೀಕ್ಷೆಗೆ ಕಪ್ಪು ಬಟ್ಟೆ ಬೇಕು. ಹಳೆಯ ಕೆಂಪು ಗಾಡಿಗಳು ಗುಲಾಬಿ ಛಾಯೆಗೆ ತಿರುಗಿ ಸುಣ್ಣ ಬಳಿದಂತಾಗುವುದು ಕ್ಲಿಯರ್ ಕೋಟ್ ಇಲ್ಲದ ಈ ಜಾತಿಯಲ್ಲಿ. ಅಂಥ ಬಣ್ಣಕ್ಕೆ ಪಾಲಿಶ್ ಹಾಕಿದಾಗ ಸತ್ತ ಪದರ ಎದ್ದುಬಂದು ಒಳಗಿನ ಕೆಂಪು ಮತ್ತೆ ಕಾಣುತ್ತದೆ, ಬಟ್ಟೆಗೆ ಬಣ್ಣ ಹತ್ತಿತೆಂದು ಗಾಬರಿ ಬೇಡ.

ಕ್ಲಿಯರ್ ಕೋಟ್ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಕಾಂಪೌಂಡ್ ಹಾಕಿದಾಗೆಲ್ಲ ಅದರಲ್ಲೇ ಒಂದಿಷ್ಟು ಸವೆಯುತ್ತದೆ. ಪ್ರತಿ ಹಬ್ಬಕ್ಕೂ ಕಾಂಪೌಂಡ್ ಹೊಡೆಸುವವರು ಇದನ್ನು ನೆನಪಿಡಬೇಕು. ಒಂದು ದಿನ ಕ್ಲಿಯರ್ ಕೋಟ್ ಮುಗಿದು ತೇಪೆತೇಪೆಯಾಗಿ ಏಳುತ್ತದೆ, ಆಮೇಲೆ ಪೂರ್ತಿ ಪೇಂಟ್ ಮಾಡಿಸದೆ ಬೇರೆ ದಾರಿಯಿಲ್ಲ.

ಜಾಗ, ಹೊತ್ತು, ನೀರು

ಗಾಡಿ ನೆರಳಿನಲ್ಲಿರಬೇಕು, ತಗಡು ಮುಟ್ಟಿದರೆ ತಣ್ಣಗಿರಬೇಕು. ಟ್ರಿಪ್ ಮುಗಿಸಿ ಬಂದ ಕೂಡಲೇ ನೀರು ಸುರಿಯಬೇಡಿ. ಬೆಳಗ್ಗೆ ಆರರಿಂದ ಒಂಬತ್ತು ಒಳ್ಳೆಯ ಹೊತ್ತು. ಮರದ ನೆರಳೆಂದು ಹೊಂಗೆ, ಮಾವಿನ ಕೆಳಗೆ ನಿಲ್ಲಿಸಿದರೆ ಮೇಲಿನಿಂದ ಅಂಟು, ಹಕ್ಕಿ ಹಿಕ್ಕೆ ಬೀಳುತ್ತಲೇ ಇರುತ್ತದೆ. ಮನೆಯ ಗೋಡೆಯ ನೆರಳೇ ಮೇಲು.

ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಹಾಕಿ. ಕ್ಯಾಬಿನ್ ಮೇಲ್ಭಾಗ ತೊಳೆಯಲು ಗಟ್ಟಿಯಾದ ಏಣಿ ಬೇಕು, ಕೆಳಗೆ ಹಿಡಿಯಲು ಒಬ್ಬರಿರಲಿ. ಸೋಪು ನೀರು ಬಿದ್ದ ಬಂಪರ್ ಮೇಲೆ ನಿಂತು ಕೈಚಾಚುವ ಅಭ್ಯಾಸ ದಯವಿಟ್ಟು ಬೇಡ.

ನೀರಿನ ವಿಷಯದಲ್ಲಿ ಬಯಲುಸೀಮೆಯವರಿಗೆ ಕಷ್ಟ ಹೆಚ್ಚು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಬೋರ್‌ವೆಲ್ ನೀರು ಗಡಸು. ಬಣ್ಣದ ಮೇಲೆ ಅದು ಹಾಗೇ ಆರಿದರೆ ಸುಣ್ಣದ ಬಿಳಿ ಚುಕ್ಕೆ ಉಳಿಯುತ್ತದೆ, ಬಿಸಿಲು ತಾಗಿದಷ್ಟೂ ಗಟ್ಟಿಯಾಗಿ ಕೂರುತ್ತದೆ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಉಳಿಸಿಟ್ಟು ಗಾಡಿ ತೊಳೆಯುವವರಿದ್ದಾರೆ. ಉಳಿತಾಯದ ಮನಸ್ಸು ಒಳ್ಳೆಯದೇ, ಆದರೆ ಲವಣವೆಲ್ಲ ಒಟ್ಟುಗೂಡಿದ ನೀರು ಅದು, ಚಕ್ರಕ್ಕೆ, ಚಾಸಿಗೆ ಸಾಕು, ಬಣ್ಣಕ್ಕೆ ಬೇಡ. ಮಳೆನೀರು ಹಿಡಿದಿಟ್ಟಿದ್ದರೆ ಎರಡು ಬಕೆಟ್ ಕೊನೆಯ ಜಾಲಾಟಕ್ಕೆ ಮೀಸಲಿಡಿ. ಚುಕ್ಕೆಯೇ ಉಳಿಯುವುದಿಲ್ಲ.

ತೊಳೆಯುವುದು

ಗಾಡಿ ಯಾವ ಲೋಡಿಗೆ ಓಡುತ್ತದೆಯೋ ಅದರ ಮೇಲೆ ತೊಳೆಯುವ ಬಗೆ ನಿಲ್ಲುತ್ತದೆ. ಸಂಡೂರು, ಹೊಸಪೇಟೆ ಕಡೆ ಅದಿರು ಸಾಗಿಸುವ ಗಾಡಿಯ ಮೇಲಿನ ಕೆಂಪು ಧೂಳು ಕಬ್ಬಿಣದ ಅದಿರಿನದೇ. ಅದು ಬಣ್ಣವನ್ನು ಗೀರುವುದಲ್ಲದೆ ಸಂದಿಗಳಲ್ಲಿ ಕಲೆಯಾಗಿ ಉಳಿಯುತ್ತದೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಗಾಡಿಗಳ ತೊಂದರೆ ಬೇರೆ. ಸಿಮೆಂಟ್ ಧೂಳಿನ ಮೇಲೆ ಇಬ್ಬನಿ ಬಿದ್ದರೆ ಅಲ್ಲೇ ಗಟ್ಟಿಯಾಗುತ್ತದೆ. ಆದ್ದರಿಂದ ಲೋಡ್ ಇಳಿಸಿದ ದಿನವೇ ಮೊದಲು ಗಾಳಿ ಹೊಡೆದು ಧೂಳು ಹಾರಿಸಿ, ಆಮೇಲೆ ಧಾರಾಳವಾಗಿ ನೀರು ಬಿಡಿ. ಸ್ವಲ್ಪವೇ ನೀರು ಚಿಮುಕಿಸಿ ಉಜ್ಜಿದರೆ ಗಾರೆ ಕಲಸಿದಂತಾಗುತ್ತದೆ. ಮಲ್ಪೆ, ಮಂಗಳೂರಿನ ಮೀನಿನ ಗಾಡಿಗಳಿಗೆ ಉಪ್ಪುನೀರಿನ ಕಾಟ. ಬಾಗಿಲಿನ ಕೆಳ ಅಂಚು, ಮಡ್‌ಗಾರ್ಡ್ ಒಳಬದಿ, ಬಾಡಿ ಸೇರುವ ಸಂದಿಗಳಿಗೆ ಸಿಹಿನೀರು ತಲುಪಲೇಬೇಕು. ಬಣ್ಣಕ್ಕಿಂತ ಮೊದಲು ತುಕ್ಕು ಹಿಡಿಯುವುದು ಅಲ್ಲಿಂದ.

ಚಕ್ರ, ಟಯರ್, ಮಡ್‌ಗಾರ್ಡ್‌ಗಳನ್ನು ಮೊದಲು ಮುಗಿಸಿ. ಅದಕ್ಕೆ ಬೇರೆ ಬ್ರಷ್, ಬೇರೆ ಬಕೆಟ್. ಅಲ್ಲಿ ಗ್ರೀಸ್ ಹತ್ತಿದ ಬಟ್ಟೆ ಕ್ಯಾಬಿನ್ ಕಡೆ ಬರಲೇಬಾರದು.

ಈಗ ಕ್ಯಾಬಿನ್. ಪೈಪಿನಿಂದ ಮೇಲಿನಿಂದ ಕೆಳಕ್ಕೆ ನೀರು ಬಿಡುತ್ತಾ ಬನ್ನಿ. ಕೈ ಹಾಕದೆ ಎಷ್ಟು ಮಣ್ಣು ಇಳಿಯುತ್ತದೋ ಅಷ್ಟೂ ಇಳಿಯಲಿ. ಅವಸರ ಮಾಡಬಾರದ ಜಾಗ ಇದು, ಹತ್ತು ನಿಮಿಷ ಕೊಡಿ. ಪ್ರೆಷರ್ ವಾಷರ್ ಇದ್ದರೆ ಒಂದೂವರೆ ಅಡಿ ದೂರ ಹಿಡಿಯಿರಿ. ಬಣ್ಣ ಎದ್ದ ಅಂಚು, ಸ್ಟಿಕ್ಕರ್, ರೇಡಿಯೇಟರ್ ಜಾಲರಿ, ಏರ್ ಫಿಲ್ಟರ್ ಬಾಯಿ, ವೈರಿಂಗ್ ಇವುಗಳಿಗೆ ನೇರ ಹೊಡೆಯಬೇಡಿ.

ಆಮೇಲೆ ಎರಡು ಬಕೆಟ್. ಒಂದರಲ್ಲಿ ಕಾರ್ ಶಾಂಪೂ ಕಲಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಗ್ಲೌಸನ್ನು ಶಾಂಪೂ ನೀರಿನಲ್ಲಿ ಅದ್ದಿ ಒಂದು ಬಾಗಿಲಿನಷ್ಟು ಜಾಗ ಒರೆಸಿ, ಬರೀ ನೀರಿನ ಬಕೆಟ್ಟಿನಲ್ಲಿ ಜಾಲಿಸಿ ಹಿಂಡಿ, ಮತ್ತೆ ಶಾಂಪೂಗೆ ಅದ್ದಿ. ಮಣ್ಣೆಲ್ಲ ಎರಡನೆಯ ಬಕೆಟ್ಟಿನ ತಳದಲ್ಲಿ ನಿಲ್ಲುತ್ತದೆ, ಬಣ್ಣದ ಮೇಲೆ ತಿರುಗಿ ಬರುವುದಿಲ್ಲ. ಮೊದಲ ಸಲ ಹೀಗೆ ತೊಳೆದವರು ಆ ತಳದ ಮಣ್ಣನ್ನೊಮ್ಮೆ ಕೈಯಲ್ಲಿ ಹಿಸುಕಿ ನೋಡಿ. ಒಂದೇ ಬಕೆಟ್ಟಿನ ಹಳೆಯ ಪದ್ಧತಿಗೆ ಮತ್ತೆ ಮರಳಲು ಮನಸ್ಸು ಬರುವುದಿಲ್ಲ. ಒತ್ತಿ ಉಜ್ಜಬೇಡಿ. ಮೇಲ್ಭಾಗ, ಮುಂಭಾಗ, ಬಾಗಿಲು, ಕೊನೆಗೆ ಕೆಳಭಾಗ, ಇದೇ ಸಾಲು. ಗ್ಲೌಸ್ ನೆಲಕ್ಕೆ ಬಿದ್ದರೆ ಪೂರ್ತಿ ತೊಳೆಯದೆ ಮತ್ತೆ ಮುಟ್ಟಿಸಬೇಡಿ.

ಬಟ್ಟೆ ಸೋಪಿನ ಪುಡಿ ಬೇಡ, ಅದು ಕ್ಷಾರ. ಪಾತ್ರೆ ತೊಳೆಯುವ ದ್ರವ ಹಳೆಯ ವ್ಯಾಕ್ಸನ್ನು ಕಿತ್ತು ತೆಗೆಯುತ್ತದೆ. ಹೊಸದಾಗಿ ವ್ಯಾಕ್ಸ್ ಹಾಕುವ ಈ ಒಂದು ದಿನ ಬಳಸಿದರೆ ಅಡ್ಡಿಯಿಲ್ಲ, ವಾರವಾರದ ತೊಳೆಯುವಿಕೆಗೆ ಸಲ್ಲದು. ವಾಟರ್ ಸರ್ವಿಸ್ ಜಾಗಗಳಲ್ಲಿ ಮಿನುಗಲೆಂದು ಡೀಸೆಲ್ ಹೊಡೆಯುವುದುಂಟು. ಆ ಮಿನುಗು ಎಣ್ಣೆಯದು. ಒಂದು ಟ್ರಿಪ್ ಮುಗಿಯುವಷ್ಟರಲ್ಲಿ ಧೂಳೆಲ್ಲ ಅದಕ್ಕೇ ಅಂಟುತ್ತದೆ, ರಬ್ಬರ್ ಬುಷ್, ಹೋಸ್‌ಗಳು ಉಬ್ಬಿ ಹಾಳಾಗುತ್ತವೆ. ಬೇಡವೆಂದು ಮೊದಲೇ ಹೇಳಿಬಿಡಿ.

ಒಣಗಿಸಲು ಹಳೆಯ ಬನಿಯನ್, ಪಂಚೆ ಬೇಡ. ದಪ್ಪನೆಯ ಮೈಕ್ರೋಫೈಬರ್ ಟವೆಲನ್ನು ಹಾಸಿದಂತೆ ಹರಡಿ, ನೀರು ಹೀರಲು ಬಿಟ್ಟು ಎತ್ತಿ. ಕನ್ನಡಿ, ಹ್ಯಾಂಡಲ್, ವೈಪರ್ ಬುಡದಲ್ಲಿ ಅಡಗಿದ ನೀರು ಆಮೇಲೆ ಸುರಿದು ಗೆರೆ ಮಾಡುತ್ತದೆ, ಅಲ್ಲೆಲ್ಲ ಗಾಳಿ ಹೊಡೆಯಿರಿ.

ತೊಳೆದರೂ ಹೋಗದ ಕಲೆಗಳು

ರಾತ್ರಿ ಓಡಿಸುವ ಗಾಡಿಯ ಮುಖದ ತುಂಬ ಹುಳುಗಳು ಅಂಟಿರುತ್ತವೆ. ಉಗುರಿನಿಂದ ಕೆರೆಯಬೇಡಿ. ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಅಂಟಿಸಿಟ್ಟರೆ ನೆನೆದು ಬರುತ್ತವೆ. ಹಕ್ಕಿ ಹಿಕ್ಕೆಗೂ ಇದೇ ಮದ್ದು. ಅದರಲ್ಲಿರುವ ಆಮ್ಲ ಬಿಸಿಲಿನಲ್ಲಿ ಬಣ್ಣವನ್ನೇ ತಿನ್ನುವುದರಿಂದ ಕಂಡ ದಿನವೇ ತೆಗೆಯಬೇಕು. ಡಾಂಬರಿನ ಚುಕ್ಕೆಗೆ ಟಾರ್ ರಿಮೂವರ್ ಅಥವಾ ಬಟ್ಟೆಯ ತುದಿಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಒತ್ತಿಹಿಡಿಯಿರಿ, ಕರಗಿದ ಮೇಲೆ ಒರೆಸಿ, ಆ ಜಾಗವನ್ನು ಶಾಂಪೂವಿನಿಂದ ಮತ್ತೆ ತೊಳೆಯಿರಿ. ಹತ್ತಿರ ಬೀಡಿ, ಬೆಂಕಿ ಇರಬಾರದು. ತಿನ್ನರ್ ಅಂತೂ ಮುಟ್ಟಲೇಬೇಡಿ. ಟಚಪ್ ಆದ, ಅಂದರೆ ಸ್ವಲ್ಪವೇ ಮರುಬಣ್ಣ ಹಚ್ಚಿದ ಜಾಗವಿದ್ದರೆ ಬಣ್ಣವೇ ಕರಗಿ ಬರುತ್ತದೆ.

ಗಡಸು ನೀರಿನ ಬಿಳಿ ಚುಕ್ಕೆಗೆ ಅಡುಗೆಮನೆಯ ಬಿಳಿ ವಿನೆಗರ್ ಸಾಕು. ಅಷ್ಟೇ ಅಳತೆಯ ನೀರು ಬೆರೆಸಿ, ಬಟ್ಟೆಗೆ ಹಾಕಿ ಒಂದು ನಿಮಿಷ ಚುಕ್ಕೆಯ ಮೇಲಿಟ್ಟು, ಒರೆಸಿ ಕೂಡಲೇ ನೀರು ಹಾಕಿ. ಬಿಸಿ ತಗಡಿನ ಮೇಲೆ ಇದನ್ನು ಮಾಡಬೇಡಿ.

ಇಷ್ಟಾದ ಮೇಲೆ ತೆಳುವಾದ ಪ್ಲಾಸ್ಟಿಕ್ ಕವರನ್ನು ಕೈಗೆ ಹಾಕಿಕೊಂಡು ಬಣ್ಣದ ಮೇಲೆ ಹಗುರವಾಗಿ ಆಡಿಸಿ. ಬರಿಗೈಗೆ ನುಣುಪು ಅನ್ನಿಸಿದ್ದು ಕವರಿನ ಮೂಲಕ ಸಕ್ಕರೆ ಚೆಲ್ಲಿದಂತೆ ತರಿತರಿಯಾಗಿ ತಿಳಿಯುತ್ತದೆ. ಬ್ರೇಕಿನಿಂದ ಹಾರಿದ ಕಬ್ಬಿಣದ ಪುಡಿ, ಹತ್ತಿರದಲ್ಲಿ ಯಾರೋ ಹೊಡೆದ ಪೇಂಟಿನ ತುಂತುರು, ಮರದ ಅಂಟು ಎಲ್ಲ ಅಲ್ಲಿ ಹೂತು ಕುಳಿತಿರುತ್ತವೆ. ಇದಕ್ಕೆ ಬೇಕಾದದ್ದು ಕ್ಲೇ ಬಾರ್. ಬೆಣ್ಣೆಯಂಥ ಮಿದು ಮುದ್ದೆ, ಬಿಡಿಭಾಗದ ಅಂಗಡಿಯಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಬಹುದು. ಅರ್ಧ ಮುರಿದು ಚಪ್ಪಟೆ ಮಾಡಿ, ಬಣ್ಣಕ್ಕೆ ಶಾಂಪೂ ನೀರು ಸಿಂಪಡಿಸಿ, ಜಾರುವಷ್ಟು ಒದ್ದೆಯಿರುವಾಗಲೇ ಉದ್ದಕ್ಕೆ ನೇರವಾಗಿ ಆಡಿಸಿ. ಮೊದಮೊದಲು ಕರಕರ ಎನ್ನುತ್ತದೆ, ನಾಲ್ಕೈದು ಸಲಕ್ಕೆ ಸದ್ದು ನಿಲ್ಲುತ್ತದೆ. ಮುದ್ದೆ ಕಪ್ಪಾದರೆ ಮಡಚಿ ಹೊಸ ಮೈ ತೆಗೆಯಿರಿ. ಕೈತಪ್ಪಿ ನೆಲಕ್ಕೆ ಬಿತ್ತೋ, ಎಸೆಯಿರಿ. ಒಂದೇ ಕಲ್ಲಿನ ಕಣ ಹತ್ತಿದ್ದರೂ ಬಾಗಿಲು ಪೂರ್ತಿ ಗೀರಾಗುತ್ತದೆ. ಅರ್ಧವೇ ತೆಗೆದುಕೊಳ್ಳಿ ಅಂದಿದ್ದು ಇದಕ್ಕೇ.

ಪಾಲಿಶ್: ಬೇಕಾದರೆ ಮಾತ್ರ

ಬಣ್ಣ ಸ್ವಚ್ಛವಾಗಿದ್ದೂ ಮಂಕಾಗಿದ್ದರೆ ಪಾಲಿಶ್ ಹಾಕಿ. ಹೊಸ ಗಾಡಿಯಾದರೆ ಈ ಹಂತ ಬಿಟ್ಟು ಮುಂದಕ್ಕೆ ಹೋಗಿ. ರಬ್ಬಿಂಗ್ ಕಾಂಪೌಂಡ್ ಒರಟು, ಪಾಲಿಶ್ ನಯ. ಯಾವಾಗಲೂ ನಯದ್ದರಿಂದ ಶುರುಮಾಡಿ. ಎರಡು ಅಡಿ ಅಗಲದ ಜಾಗದಲ್ಲಿ ಹಾಕಿ ನೋಡಿ, ಅಷ್ಟಕ್ಕೇ ತೃಪ್ತಿಯಾದರೆ ಕಾಂಪೌಂಡ್ ಡಬ್ಬಿ ತೆರೆಯುವುದೇ ಬೇಡ. ಅಂಚು, ಮಡಿಕೆಗಳ ಮೇಲೆ ಬಣ್ಣ ತೆಳುವಾಗಿರುವುದರಿಂದ ಅಲ್ಲಿ ಮಾಸ್ಕಿಂಗ್ ಟೇಪ್ ಹಚ್ಚಿಕೊಳ್ಳಿ. ಉಗುರು ಆಡಿಸಿದಾಗ ಸಿಕ್ಕಿಕೊಳ್ಳುವಷ್ಟು ಆಳದ ಗೀರು ಪಾಲಿಶ್‌ನಿಂದ ಹೋಗುವುದಿಲ್ಲ. ಅದನ್ನೇ ಹಟಹಿಡಿದು ಉಜ್ಜಿದರೆ ಸುತ್ತಲಿನ ಒಳ್ಳೆಯ ಬಣ್ಣ ಸವೆಯುತ್ತದೆ. ಲೋಹ ಕಾಣುತ್ತಿದ್ದರೆ ಟಚಪ್ ಮಾಡಿಸಿ, ಇಲ್ಲದಿದ್ದರೆ ಮುಂದಿನ ಮಳೆಗೆ ತುಕ್ಕು. ಗ್ರೈಂಡರಿಗೆ ಪ್ಯಾಡ್ ಸಿಕ್ಕಿಸಿ ಪಾಲಿಶ್ ಮಾಡಹೊರಡಬೇಡಿ. ಅದರ ವೇಗಕ್ಕೆ ಬಣ್ಣ ಕ್ಷಣದಲ್ಲಿ ಸುಡುತ್ತದೆ. ಕೈಯಲ್ಲಿ ಮಾಡಿದರೆ ಭುಜ ನೋಯುವುದು ನಿಜ, ಬಣ್ಣ ಮಾತ್ರ ಉಳಿಯುತ್ತದೆ.

ವ್ಯಾಕ್ಸ್

ಡಬ್ಬಿಗಳ ಮೇಲೆ ಕಾಣುವ ಕಾರ್ನೌಬಾ ಎಂಬ ಹೆಸರು ಈಶಾನ್ಯ ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ್ದು. ಒಣಸೀಮೆಯಲ್ಲಿ ತೇವ ಆರಿಹೋಗದಂತೆ ಆ ಮರ ತನ್ನ ಎಲೆಯ ಮೇಲೆ ಮೇಣ ಕಟ್ಟಿಕೊಳ್ಳುತ್ತದೆ. ಆ ಎಲೆ ಒಣಗಿಸಿ ಬಡಿದು ತೆಗೆದ ಮೇಣವೇ ಇದು. 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ಕರಗುವ ಗಟ್ಟಿ ಮೇಣ. ಆಳವಾದ ಹೊಳಪು ಕೊಡುತ್ತದೆ, ಆದರೆ ದಿನಾ ಓಡುವ ಗಾಡಿಯ ಮೇಲೆ ಒಂದರಿಂದ ಮೂರು ತಿಂಗಳು ಬಾಳುತ್ತದೆ. ಸಿಂಥೆಟಿಕ್ ಸೀಲೆಂಟ್ ಎಂದು ಮಾರುವಂಥವು ಇನ್ನೂ ಹೆಚ್ಚು ದಿನ ನಿಲ್ಲುತ್ತವೆ. ದುಡಿಯುವ ಗಾಡಿಗೆ ನನ್ನ ಆಯ್ಕೆ ಸೀಲೆಂಟ್. ಹಬ್ಬದ ಹೊಳಪೇ ಮುಖ್ಯ ಅನ್ನುವವರು ಪೇಸ್ಟ್ ವ್ಯಾಕ್ಸ್ ತರಲಿ. ಇತ್ತೀಚೆಗೆ ಪೇಂಟ್ ಮಾಡಿಸಿದ ಗಾಡಿಗೆ ಎರಡು ಮೂರು ತಿಂಗಳು ಯಾವುದೂ ಬೇಡ, ಒಳಗಿನ ದ್ರಾವಕ ಆರಬೇಕು. ಪೇಂಟ್ ಕೆಲಸಕ್ಕೆ ಬಿಡುವಾಗಲೂ ವ್ಯಾಕ್ಸ್ ಹಾಕಿದ್ದೇನೆಂದು ಪೇಂಟರಿಗೆ ಹೇಳಿ. ಅದನ್ನು ಪೂರ್ತಿ ತೆಗೆಯದೆ ಹೊಡೆದ ಬಣ್ಣ ಮೀನಿನ ಕಣ್ಣಿನಂತೆ ಗುಳಿಗುಳಿಯಾಗುತ್ತದೆ.

ಕಪ್ಪು ಪ್ಲಾಸ್ಟಿಕ್ ಬಂಪರ್, ಬಾಗಿಲಿನ ರಬ್ಬರ್ ಅಂಚುಗಳಿಗೆ ಟೇಪ್ ಹಚ್ಚಿ, ಅವುಗಳಿಗೆ ತಾಗಿದ ವ್ಯಾಕ್ಸ್ ಬಿಳಿ ಕಲೆಯಾಗಿ ಉಳಿಯುತ್ತದೆ. ಫೋಮ್ ಪ್ಯಾಡಿಗೆ ಒಂದು ರೂಪಾಯಿ ನಾಣ್ಯದಷ್ಟು ವ್ಯಾಕ್ಸ್ ತೆಗೆದು ಅರ್ಧ ಬಾಗಿಲಿಗೆ ಹರಡಿ. ದೋಸೆಗೆ ಎಣ್ಣೆ ಸವರಿದಂತೆ ಸಾಕು, ಬೆಣ್ಣೆ ಮೆತ್ತಿದಂತೆ ಬೇಡ. ದಪ್ಪ ಹಾಕಿದರೆ ಹೊಳಪು ಹೆಚ್ಚುವುದಿಲ್ಲ, ಒರೆಸುವ ಕಷ್ಟವಷ್ಟೇ ಹೆಚ್ಚುತ್ತದೆ. ಐದಾರು ನಿಮಿಷಕ್ಕೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಬೆರಳಿನಿಂದ ಒಂದು ಗೆರೆ ಎಳೆಯಿರಿ. ಗೆರೆ ಸ್ವಚ್ಛವಾಗಿ ಹೊಳೆದರೆ ಒರೆಸುವ ಹೊತ್ತಾಯಿತು, ಜಿಡ್ಡು ಜಿಡ್ಡಾದರೆ ಇನ್ನೂ ಕಾಯಿರಿ. ಕರಾವಳಿಯ ತೇವದ ಗಾಳಿಯಲ್ಲಿ ಸ್ವಲ್ಪ ತಡವಾಗುತ್ತದೆ. ಮೈಕ್ರೋಫೈಬರ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಒಂದು ಮೈಯಿಂದ ವ್ಯಾಕ್ಸ್ ಎತ್ತಿ, ಇನ್ನೊಂದರಿಂದ ಮಿನುಗಿಸಿ. ಆ ಭಾಗ ಮುಗಿಸಿಯೇ ಮುಂದಿನದಕ್ಕೆ ಹೋಗಿ.

ವ್ಯಾಕ್ಸ್ ಹಚ್ಚಲೇಬಾರದ ಜಾಗಗಳಿವೆ. ಹತ್ತುವ ಮೆಟ್ಟಿಲು ಮತ್ತು ಹಿಡಿಕೆ, ಅಲ್ಲಿ ಜಾರಿದರೆ ಪ್ರಾಣಕ್ಕೇ ಅಪಾಯ. ಮುಂದಿನ ಗಾಜು, ಮಳೆಯಲ್ಲಿ ವೈಪರ್ ಆಡಿದಾಗ ಕಣ್ಣಿಗೆ ಮಂಜು ಕಟ್ಟುತ್ತದೆ. ಹೊಳೆಯುವ ರಿಫ್ಲೆಕ್ಟರ್ ಟೇಪ್, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟಿನ ಹೊಲೊಗ್ರಾಮ್ ಇವೆರಡನ್ನು ಕಾಂಪೌಂಡ್‌ನಿಂದಲೂ ದೂರವಿಡಿ. ರಿಫ್ಲೆಕ್ಟರ್ ಮಾಸಿದರೆ ರಾತ್ರಿ ಹಿಂದಿನವರಿಗೆ ಗಾಡಿ ಕಾಣುವುದಿಲ್ಲ, ಎಫ್‌ಸಿಯಲ್ಲೂ (ಗಾಡಿಯ ಫಿಟ್‌ನೆಸ್ ತಪಾಸಣೆ) ತೊಂದರೆ. ಟಯರಿನ ಪಕ್ಕಕ್ಕೆ ಪಾಲಿಶ್ ಬಳಿಯುವವರು ನೆಲಕ್ಕೆ ತಾಗುವ ಮೈಗೆ ಅದು ಹತ್ತದಂತೆ ನೋಡಿಕೊಳ್ಳಿ.

ಹಬ್ಬದ ದಿನ ಮತ್ತು ಆಮೇಲೆ

ವ್ಯಾಕ್ಸ್ ಹಾಕಿ ಒಂದು ರಾತ್ರಿ ಕಳೆದಿದ್ದರೆ ಅರಿಶಿನ, ಕುಂಕುಮ ಸಲೀಸಾಗಿ ಬಿಡುತ್ತವೆ. ಪೂಜೆಗೆ ಮುನ್ನ ಈ ಕೆಲಸ ಮುಗಿಸಿ ಎನ್ನುವುದಕ್ಕೆ ಇದೂ ಕಾರಣ. ಮರುದಿನ ಒಣಬಟ್ಟೆಯಲ್ಲಿ ಒರೆಸಬೇಡಿ, ವಿಭೂತಿಯೂ ಬೂದಿಯ ಪುಡಿಯೇ. ನೀರು ಬಿಟ್ಟು, ಶಾಂಪೂವಿನಿಂದ ಇಳಿಸಿ. ಅರಿಶಿನದ ಹಳದಿ ಸ್ವಲ್ಪ ಉಳಿದರೆ ಉಜ್ಜದೆ ಬಿಡಿ, ಬಿಸಿಲಿಗೆ ತಾನೇ ಮಾಸುತ್ತದೆ. ಚೆಂಡುಹೂವಿನ ಹಾರವನ್ನು ಟೇಪಿನಿಂದ ಅಂಟಿಸುವ ಬದಲು ಕನ್ನಡಿಯ ಕಂಬಿಗೆ ದಾರದಿಂದ ಕಟ್ಟಿ. ಬಾಳೆಕಂದು ಕಟ್ಟಿದಲ್ಲಿ ಹಿಂದೆ ಮೆತ್ತನೆಯ ಬಟ್ಟೆ ಕೊಟ್ಟರೆ ಗಾಡಿ ಅಲುಗಿದಾಗ ತಂತಿ ಗೀರುವುದಿಲ್ಲ, ಬಾಳೆಯ ಕರೆಯೂ ಹತ್ತುವುದಿಲ್ಲ.

ಹದಿನೈದು ದಿನಕ್ಕೊಮ್ಮೆ ತೊಳೆಯುವಾಗ ಬಾಗಿಲಿನ ಮೇಲಿನ ನೀರನ್ನು ಗಮನಿಸಿ. ಕೆಸುವಿನ ಎಲೆಯ ಮೇಲಿನಂತೆ ಮುತ್ತಾಗಿ ಉರುಳಿದರೆ ವ್ಯಾಕ್ಸ್ ಇದೆ, ಚಪ್ಪಟೆಯಾಗಿ ಹರಡಿ ನಿಂತರೆ ಮತ್ತೊಮ್ಮೆ ಹಾಕುವ ಹೊತ್ತು ಬಂದಿದೆ. ಆಗ ಕ್ಲೇ, ಪಾಲಿಶ್ ಏನೂ ಬೇಡ, ತೊಳೆದು ವ್ಯಾಕ್ಸ್ ಹಚ್ಚಿದರೆ ಸಾಕು. ಬಳಸಿದ ಮೈಕ್ರೋಫೈಬರ್ ಬಟ್ಟೆಗಳನ್ನು ಬೇರೆಯಾಗಿ ತೊಳೆದು ನೆರಳಿನಲ್ಲಿ ಒಣಗಿಸಿ, ಕಂಫರ್ಟ್‌ನಂಥ ಪರಿಮಳದ ದ್ರವ ಹಾಕಬೇಡಿ, ಎಳೆಗಳು ಮುಚ್ಚಿ ನೀರು ಹೀರುವುದೇ ನಿಲ್ಲುತ್ತದೆ.

ಬೆಳಗಿನ ಏರ್ ತುಂಬುವ ಆ ಐದು ನಿಮಿಷಕ್ಕೆ ಸೀಟಿನ ಹಿಂದೆ ಒಂದು ಸ್ಪ್ರೇ ಬಾಟಲಿ ನೀರು, ಎರಡು ಶುಭ್ರ ಬಟ್ಟೆ ಇಡಿ. ಗಾಜು, ಕನ್ನಡಿ, ಹೆಡ್‌ಲೈಟ್, ಇಂಡಿಕೇಟರ್, ನಂಬರ್ ಪ್ಲೇಟ್ ಇಷ್ಟನ್ನು ನೀರು ಸಿಂಪಡಿಸಿ ಒರೆಸಿ. ಬಾಗಿಲಿನ ಮೇಲಿನ ಧೂಳನ್ನು ಮುಂದಿನ ತೊಳೆಯುವ ದಿನದವರೆಗೆ ಹಾಗೇ ಬಿಡಿ.